ಪದ ಪರಿಚಯ: ಆಂಟಿಕೊಯಾಗುಲೆಂಟ್

ಗಾಯವಾದಾಗ ರಕ್ತ ಹೆಪ್ಪುಗಟ್ಟಲೇಬೇಕು. ಆದರೆ ಅದೇ ಹೆಪ್ಪು ಕಾಲಿನ ರಕ್ತನಾಳದಲ್ಲೋ ಹೃದಯದ ಒಳಗೋ ಕಟ್ಟಿಕೊಂಡು, ಅಲ್ಲಿಂದ ಕಿತ್ತು ಶ್ವಾಸಕೋಶಕ್ಕೋ ಮೆದುಳಿಗೋ ಹೋದರೆ ಜೀವಕ್ಕೇ ಕುತ್ತು. ಅದನ್ನು ತಡೆಯುವ ಔಷಧಿಗಳೇ ಆಂಟಿಕೊಯಾಗುಲೆಂಟ್. ‘ರಕ್ತ ತೆಳು ಮಾಡುವ ಮಾತ್ರೆ’ ಅಂತ ಹೇಳುತ್ತಾರಲ್ವಾ, ಅದೇ. ಆಸ್ಪಿರಿನ್ ಈ ಗುಂಪಿಗೆ ಸೇರಿದ್ದಲ್ಲ. ಅದರ ಕೆಲಸವೆಲ್ಲ ಪ್ಲೇಟ್‌ಲೆಟ್‌ಗಳ ಮೇಲೆ.

ಹಳೆಯ ಮಾತ್ರೆಗಳಲ್ಲಿ ಮುಖ್ಯವಾದದ್ದು ವಾರ್ಫರಿನ್. 1948ರಲ್ಲಿ ಅಮೆರಿಕದಲ್ಲಿ ಇಲಿ ಪಾಷಾಣವಾಗಿ ಬಂದದ್ದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಮ್ಮಲ್ಲಿ ಕೊಡುವ ಅಸಿಟ್ರೋಮ್ ಕೂಡ ಇದೇ ಜಾತಿಯದು. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಈ ಮಾತ್ರೆಗಳು ಅದಕ್ಕೇ ಅಡ್ಡ ಬರುತ್ತವೆ. ಪೂರ್ತಿ ಹಿಡಿತಕ್ಕೆ ಬರಲು ಕೆಲವು ದಿನ ಬೇಕು. ಡೋಸ್ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೇ ಆಗಾಗ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ರಕ್ತಪರೀಕ್ಷೆ, ಮಾಡಿಸಬೇಕು. ಔಷಧಿ ಇಲ್ಲದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ಮಾತ್ರೆ ತಗೊಳ್ಳುವ ಹೆಚ್ಚಿನವರಲ್ಲಿ 2ರಿಂದ 3ರ ಒಳಗೆ ನಿಲ್ಲಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ.

ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಹಾಗಂತ ಬಸ್ಸಾರು, ಪಾಲಕ್ ಎಲ್ಲ ಬಿಟ್ಟುಬಿಡಬೇಕಿಲ್ಲ. ಈ ವಾರ ರಾಶಿ ತಿಂದು, ಮುಂದಿನ ವಾರ ಮುಟ್ಟದೇ ಇರುವುದೇ ತೊಂದರೆ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರಾಯಿತು.

ಹೊಸ ಮಾತ್ರೆಗಳಾದ ಡಾಬಿಗಾಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್‌ಗೆ ಸೊಪ್ಪಿನ ಲೆಕ್ಕವಿಲ್ಲ, ಐಎನ್‌ಆರ್ ಓಡಾಟವೂ ಇಲ್ಲ. ಕೆಲವೇ ಗಂಟೆಗಳಲ್ಲಿ ಕೆಲಸ ಶುರು. ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವೂ ವಾರ್ಫರಿನ್‌ಗಿಂತ ಕಡಿಮೆ. ಎಪಿಕ್ಸಬಾನ್ ದಿನಕ್ಕೆ ಎರಡು ಸಲ. ರಿವರೊಕ್ಸಬಾನ್‌ನ 15, 20 ಮಿಲಿಗ್ರಾಂ ಮಾತ್ರೆಯನ್ನು ಊಟದ ಜೊತೆಗೇ ತಗೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಡಾಬಿಗಾಟ್ರಾನ್ ಬಹುಪಾಲು ಕಿಡ್ನಿಯಿಂದಲೇ ಹೊರಹೋಗುವುದರಿಂದ, ಕಿಡ್ನಿ ಸೋತವರಿಗೆ ಕಷ್ಟ.

ಹಾಗಾದರೆ ಎಲ್ಲರಿಗೂ ಹೊಸದನ್ನೇ ಕೊಡಬಹುದಲ್ವಾ? ಇಲ್ಲ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಲ್ಲಿ ಡಾಬಿಗಾಟ್ರಾನ್ ಪ್ರಯತ್ನಿಸಿದಾಗ ಹೆಪ್ಪೂ ಜಾಸ್ತಿಯಾಯಿತು, ರಕ್ತಸ್ರಾವವೂ ಜಾಸ್ತಿಯಾಯಿತು. ಅದು 2013ರಲ್ಲಿ ಪ್ರಕಟವಾದ ಅಧ್ಯಯನ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಎದೆಬಡಿತದ ಲಯ ತಪ್ಪಿದವರ ಮೇಲೆ ನಡೆದ 2022ರ ದೊಡ್ಡ ಅಧ್ಯಯನದಲ್ಲೂ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆಗಳೇ ಗೆದ್ದವು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇರುವುದರಿಂದ, ಇದು ನಮಗೆ ಬಹಳ ಮುಖ್ಯ. ಬಸುರಿಯರಿಗೆ ಸಾಮಾನ್ಯವಾಗಿ ಹೆಪಾರಿನ್ ಇಂಜೆಕ್ಷನ್ನೇ ಗತಿ, ಅದು ಮಗುವನ್ನು ತಲುಪುವುದಿಲ್ಲ.

ಹೊಸ ಮಾತ್ರೆಗಳ ಪ್ರಭಾವ ಸುಮಾರು ಒಂದು ದಿನದಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಶೀಟು ಮುಗಿಯುವ ಮೊದಲೇ ಇನ್ನೊಂದು ತಂದಿಟ್ಟುಕೊಳ್ಳಿ. ಹಲ್ಲು ಕೀಳಿಸುವಾಗ, ಮೈಕೈ ನೋವಿಗೆ ಮಾತ್ರೆ ಕೊಳ್ಳುವಾಗ ಇದನ್ನು ತಗೊಳ್ಳುತ್ತಿರುವ ವಿಷಯ ಮೊದಲೇ ಹೇಳಿಬಿಡಿ.