ಕಿಡ್ ಎ ಟಿಪ್ಪಣಿ: ಹತ್ತು ಬೆರಳು, ಒಂದು ಉಂಗುರ, ಒಂದು ಉಲ್ಟಾ ಹಾಡು

ರೇಡಿಯೋಹೆಡ್ ಬ್ಯಾಂಡು ‘ಕಿಡ್ ಎ’ ಆಲ್ಬಂ ಹೊತ್ತಿಗೆ ಗಿಟಾರಿನಿಂದ ಎಲೆಕ್ಟ್ರಾನಿಕ್ ಧ್ವನಿಯ ಕಡೆ ಹೊರಳಿದ್ದು ಹೇಗೆ ಅನ್ನುವುದರ ಟಿಪ್ಪಣಿ ಇದು. ತಬಲಾ ಇಲ್ಲವೇ ಹಾರ್ಮೋನಿಯಂನಲ್ಲಿ ಪ್ರವೇಶಿಕಾ ಮುಗಿಸಿ, ಈಗ ಕೀಬೋರ್ಡು, ಲ್ಯಾಪ್‌ಟಾಪು ಹಿಡಿದು ಕೂತಿರುವ ಬೆಳಗಾವಿ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರಿಗೆ ಅಂತ ಬರೆದದ್ದು. ತಾಲ, ಸಪ್ತಕ ಗೊತ್ತಿದೆ ಅಂತಲೇ ಹಿಡಿದಿದೆ.

ಮೊದಲು ಒಂದು ಮಾತು. ಈ ಹಾಡುಗಳನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡ್ರಿ. ಅಷ್ಟು ಸಣ್ಣ ಸ್ಪೀಕರಿನಿಂದ ಕೆಳಗಿನ ಬಾಸ್ ಹೊರಗೇ ಬರುವುದಿಲ್ಲ, ಅರ್ಧ ಹಾಡು ಮಾಯ. ಗಣೇಶನ ಮೆರವಣಿಗೆಯ ಡಾಲ್ಬಿಯಲ್ಲಿ ಇದರ ಉಲ್ಟಾ: ಬಾಸ್ ಒಂದೇ ಉಳಿದು ಮಿಕ್ಕಿದ್ದೆಲ್ಲ ಮುಳುಗುತ್ತದೆ. ವೈರ್ ಇರುವ ಸಾದಾ ಇಯರ್‌ಫೋನು ಸಾಕು. ವೈರ್ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಿನ್ನೆಲೆ, ಬೇಗ ಬೇಗ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ಆಬಿಂಗ್ಡನ್‌ನಲ್ಲಿ ಕೂಡಿದ ಐದು ಮಂದಿ: ಥಾಮ್ ಯಾರ್ಕ್, ಜಾನಿ ಗ್ರೀನ್‌ವುಡ್, ಕಾಲಿನ್ ಗ್ರೀನ್‌ವುಡ್, ಎಡ್ ಒಬ್ರಾಯನ್, ಫಿಲ್ ಸೆಲ್ವೆ. 1995ರ ‘ದಿ ಬೆಂಡ್ಸ್’ ಮೂರು ಗಿಟಾರಿನ ಆಲ್ಬಂ. 1997ಕ್ಕೆ ‘ಓಕೆ ಕಂಪ್ಯೂಟರ್’. 2000ದ ಅಕ್ಟೋಬರಿನಲ್ಲಿ ‘ಕಿಡ್ ಎ’, 2001ರಲ್ಲಿ ‘ಆಮ್ನೀಸಿಯಾಕ್’. ಈ ಎರಡೂ ಒಂದೇ ಸರಣಿಯ ರೆಕಾರ್ಡಿಂಗಿನಿಂದ ಹುಟ್ಟಿದವು, ನಿರ್ಮಾಣದಲ್ಲಿ ಬ್ಯಾಂಡಿನ ಜೊತೆ ಕೂತವರು ನೈಜೆಲ್ ಗಾಡ್ರಿಚ್. ಆ ನಡುವೆ ಯಾರ್ಕ್‌ಗೆ ಗಿಟಾರ್ ಸಾಕಾಗಿತ್ತು. ಏಫೆಕ್ಸ್ ಟ್ವಿನ್, ಆಟೆಕರ್ ಅವರ ಎಲೆಕ್ಟ್ರಾನಿಕ್ ಸಂಗೀತವನ್ನೇ ಕೇಳುತ್ತಿದ್ದರು. ಇಷ್ಟು ಗೊತ್ತಿದ್ದರೆ ಸಾಕು.

2000ದಲ್ಲಿ ಬ್ಯಾಂಡು ರಾತ್ರೋರಾತ್ರಿ ಬದಲಾಯಿತು ಅಂತ ಬಹಳ ಕಡೆ ಬರೆದಿರುತ್ತಾರೆ. ‘ಓಕೆ ಕಂಪ್ಯೂಟರ್’ನ ಮೊದಲ ಹಾಡು ‘ಏರ್‌ಬ್ಯಾಗ್’ ಕೇಳಿದರೆ ಆ ಮಾತು ಒಪ್ಪುವುದು ಕಷ್ಟ. ಅಲ್ಲಿ ಸೆಲ್ವೆ ಬಾರಿಸಿದ ಡ್ರಮ್ಮಿನಿಂದ ಕೆಲವೇ ಸೆಕೆಂಡಿನ ತುಣುಕು ಕತ್ತರಿಸಿ, ಸ್ಯಾಂಪ್ಲರಿಗೆ ಹಾಕಿ, ಕಂಪ್ಯೂಟರಿನಲ್ಲಿ ತಿದ್ದಿದ್ದಾರೆ. ಡಿಜೆ ಶ್ಯಾಡೋ ಎಂಬ ಅಮೆರಿಕದ ಕಲಾವಿದ ಮಾಡುತ್ತಿದ್ದ ಇಂಥದೇ ಕೆಲಸದ ಪ್ರಭಾವ ಅದು. ಯಂತ್ರ ಮನೆಯೊಳಗೆ ಆಗಲೇ ಬಂದಿತ್ತು. ‘ಕಿಡ್ ಎ’ಯಲ್ಲಿ ಅದಕ್ಕೆ ಯಜಮಾನಿಕೆ ಸಿಕ್ಕಿತು.

ತುಣುಕು ಕತ್ತರಿಸುವುದು

ಮೂರು ಹೆಸರು ಕಲಸಿಕೊಳ್ಳಬೇಡ್ರಿ. ಸಿಂಥಸೈಜರ್ ಧ್ವನಿಯನ್ನು ಹುಟ್ಟಿಸುತ್ತದೆ. ಸ್ಯಾಂಪ್ಲರ್ ಮೊದಲೇ ಹಿಡಿದಿಟ್ಟ ಧ್ವನಿಯನ್ನು ಬೇಕಾದಾಗ ಬಿಡುತ್ತದೆ. ಆರ್ಕೆಸ್ಟ್ರಾದ ಆಕ್ಟೋಪ್ಯಾಡಿನಲ್ಲಿ ಕೋಲು ಬಿದ್ದಾಗ ಆಗುವುದು ಹೆಚ್ಚುಕಡಿಮೆ ಇದೇ. ಸೀಕ್ವೆನ್ಸರ್ ತಾನು ಸದ್ದು ಮಾಡುವುದಿಲ್ಲ, ಯಾವಾಗ ಯಾವ ಸದ್ದು ಅಂತ ಹೇಳುತ್ತದೆ. ಕೀಬೋರ್ಡಿನ ‘ಸ್ಟೈಲ್’ ಗುಂಡಿಯೊಳಗೆ ಈ ಮೂರೂ ಇರುವುದರಿಂದಲೇ ಗೊಂದಲ.

ಅಭ್ಯಾಸಕ್ಕೆ ಕೆಹರವಾ 8 ಮಾತ್ರೆ, ನಿಮಿಷಕ್ಕೆ 100ರ ಲಯದಲ್ಲಿ ರೆಕಾರ್ಡ್ ಮಾಡ್ರಿ. ಲೆಕ್ಕ: 60 ÷ 100 × 8 = 4.8 ಸೆಕೆಂಡು. ಆಡಾಸಿಟಿ ಎಂಬ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸರಿಯಾಗಿ 4.8 ಸೆಕೆಂಡು ಆರಿಸಿ, ಝಡ್ ಕೀಲಿ ಒತ್ತಿರಿ. ಆಯ್ಕೆಯ ಎರಡೂ ತುದಿ ಅಲೆ ಸೊನ್ನೆಗೆ ಇಳಿಯುವ ಜಾಗಕ್ಕೆ ಸರಿಯುತ್ತವೆ. ಇದನ್ನು ಬಿಟ್ಟರೆ ಪ್ರತಿ ಸುತ್ತಿನ ಕೊನೆಗೆ ‘ಟಕ್’ ಅಂತ ಒಂದು ಸದ್ದು ಕೂರುತ್ತದೆ: ಅಲೆ ಮೇಲಿದ್ದಾಗ ಕತ್ತರಿಸಿ, ಕೆಳಗಿರುವ ಕಡೆ ಅಂಟಿಸಿದರೆ ಸ್ಪೀಕರು ಒಮ್ಮೆಗೇ ಜಿಗಿಯಬೇಕಾಗುತ್ತದೆ.

ಈಗ ಅದೇ ತುಣುಕನ್ನು 120ರ ಲಯಕ್ಕೆ ತರಬೇಕು ಅನ್ನಿ. ವೇಗ ಬದಲಿಸುವ ಎಫೆಕ್ಟ್ ಹಚ್ಚಿದರೆ 4.8 ಹೋಗಿ 4.0 ಸೆಕೆಂಡು ಆಗುತ್ತದೆ, ಜೊತೆಗೆ ಸ್ವರವೂ ಮೇಲೇರುತ್ತದೆ. 1.2 ಪಟ್ಟು ವೇಗ ಅಂದರೆ ಸುಮಾರು 3.2 ಸೆಮಿಟೋನು (ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನು). ಹಾರ್ಮೋನಿಯಂನ ಕರಿ 1ಕ್ಕೆ ಕೂಡಿಸಿದ ತಬಲಾ ಬಿಳಿ 3ನ್ನು ದಾಟಿ ಕೂಗುತ್ತದೆ, ಆ 0.2ರ ಬಾಲದಿಂದಾಗಿ ಯಾವ ಮನೆಗೂ ಕೂಡುವುದಿಲ್ಲ. ಟೆಂಪೋ ಮಾತ್ರ ಬದಲಿಸುವ ಎಫೆಕ್ಟ್ ಹಚ್ಚಿದರೆ ಸ್ವರ ಉಳಿಯುತ್ತದೆ, ಆದರೆ ಚಾಟಿಯ ಪೆಟ್ಟು ಮೊಂಡಾಗುತ್ತದೆ. ಹಳೇ ಸ್ಯಾಂಪ್ಲರುಗಳ ಡ್ರಮ್ಮಿಗೆ ಒಂದು ತರಹದ ಬಿರುಸು ಇರುವುದು ಮೊದಲನೇ ದಾರಿಯಿಂದ. ಲೂಪಿಗೆ, ಅಂದರೆ ಸುತ್ತಿ ಸುತ್ತಿ ಓಡುವ ತುಣುಕಿಗೆ, ಅದೇ ಒಳ್ಳೇದು.

ಹತ್ತು ಮಾತ್ರೆ

ಎಲ್ಲರೂ ಎಡವುವುದು ಇಲ್ಲೇ. ‘ಕಿಡ್ ಎ’ಯ ಮೊದಲ ಹಾಡು ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’. ಯಾರ್ಕ್ ಮೊದಲು ಪಿಯಾನೋ ಮೇಲೆ ಕಟ್ಟಿದ್ದು, ಆಮೇಲೆ ಪ್ರಾಫೆಟ್ 5 ಎಂಬ ಸಿಂಥಸೈಜರಿಗೆ ಹೋಯಿತು. ಆವರ್ತನ 10 ಮಾತ್ರೆ.

10 ಅಂದ ಕೂಡಲೇ ನಮ್ಮ ಕೈ ಝಪತಾಲಕ್ಕೆ ಹೋಗುತ್ತದೆ: ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ. ಅದು ಇಲ್ಲಿ ನಡೆಯುವುದಿಲ್ಲ. ಝಪತಾಲದಲ್ಲಿ 2, 3, 2, 3ರ ವಿಭಾಗವನ್ನು ತಬಲಾವೇ ತೋರಿಸುತ್ತದೆ, 6ನೇ ಮಾತ್ರೆಗೆ ಖಾಲಿ ಬೀಳುತ್ತದೆ. ಈ ಹಾಡಿನಲ್ಲಿ ಕಿಕ್ ಡ್ರಮ್ಮು (ಡ್ರಮ್ ಸೆಟ್ಟಿನ ದಪ್ಪ ದನಿಯ ದೊಡ್ಡ ಡ್ರಮ್ಮು) ಹತ್ತೂ ಮಾತ್ರೆಗೆ ಒಂದೇ ತೂಕದಲ್ಲಿ ಬೀಳುತ್ತದೆ. ಖಾಲಿ ಇಲ್ಲ, ಭರಿ ಇಲ್ಲ. ಸಮ್ ಎಲ್ಲಿದೆ ಅಂತ ಹೇಳುವುದು ಕಾರ್ಡು (ಒಟ್ಟಿಗೆ ಒತ್ತುವ ಸ್ವರಗಳ ಗುಂಪು), ಡ್ರಮ್ಮಲ್ಲ. ತಬಲಾ ಕಲಿತ ಕಿವಿ ಡ್ರಮ್ಮನ್ನೇ ಕೇಳುತ್ತಾ ಕೂತು ದಾರಿ ತಪ್ಪುತ್ತದೆ.

ಎರಡನೇ ತಪ್ಪು ಇನ್ನೂ ಮೋಸದ್ದು. ಕೀಬೋರ್ಡಿನಲ್ಲಿ ಮಾಮೂಲಿ 4 ಮಾತ್ರೆಯ ಸ್ಟೈಲ್ ಹಚ್ಚಿ ಜೊತೆಗೆ ನುಡಿಸಿದರೆ ಏನಾಗುತ್ತದೆ ಅಂತ ಒಂದೊಂದೇ ಹೆಜ್ಜೆ ನೋಡ್ರಿ. ಹಾಡು 1ರಿಂದ 10 ಎಣಿಸುತ್ತದೆ. ಅಷ್ಟರಲ್ಲಿ ಸ್ಟೈಲ್ 4 ಮುಗಿಸಿ, ಇನ್ನೊಂದು 4 ಮುಗಿಸಿ, ಮೂರನೇ ಸುತ್ತಿನ 2 ಮಾತ್ರೆ ಮುಗಿಸಿರುತ್ತದೆ. ಹಾಡು ಸಮ್‌ಗೆ ಬಂದು ನಿಂತಾಗ ಸ್ಟೈಲ್ ತನ್ನ 3ನೇ ಮಾತ್ರೆಯ ಮೇಲಿದೆ. ತಪ್ಪಿತು. ಮುಂದಿನ 10 ಮುಗಿದಾಗ ಒಟ್ಟು 20. ಸ್ಟೈಲಿನ 5 ಸುತ್ತೂ 20. ಇಬ್ಬರೂ ಸಮ್‌ಗೆ ಕೂಡಿದರು! ಅಂದರೆ ಒಂದು ಆವರ್ತನ ಸರಿ, ಒಂದು ತಪ್ಪು, ಮತ್ತೆ ಸರಿ, ಮತ್ತೆ ತಪ್ಪು. ಪೂರ್ತಿ ತಪ್ಪಿದ್ದರೆ ಸ್ಟೈಲ್ ಬಂದ್ ಮಾಡಿಬಿಡುತ್ತಿದ್ದೆವು. ಹೀಗೆ ಅರ್ಧ ಕೂಡುವುದರಿಂದ ತನ್ನ ಕೈಯೇ ತಡವಾಗುತ್ತಿದೆ ಅನ್ನಿಸಿ, ಎರಡನೇ ಆವರ್ತನದಲ್ಲಿ ಓಡಲು ಶುರು. ಕೈಯದು ತಪ್ಪಿಲ್ಲ, 10ನ್ನು 4ರಿಂದ ಭಾಗಿಸಿದರೆ 2 ಉಳಿಯುತ್ತದೆ, ಅಷ್ಟೇ.

ಪರಿಹಾರ ಎರಡು. ಕೇಳುವಾಗ: ಎರಡೂ ಕೈ ಮೇಜಿನ ಮೇಲಿಟ್ಟು ಕಿಕ್ಕಿಗೊಂದು ಬೆರಳು ಒತ್ತುತ್ತಾ ಹೋಗ್ರಿ. ಬಲಗೈ ಹೆಬ್ಬೆರಳು ಸಮ್, ಎಡಗೈ ಹೆಬ್ಬೆರಳು 6. ಮೊದಲ ಕಾರ್ಡು ಮರಳಿ ಬಂದಾಗ ಬಲಗೈ ಹೆಬ್ಬೆರಳೇ ಬಿದ್ದರೆ ಲೆಕ್ಕ ಸರಿ. ಬಾಯಲ್ಲಿ ಎಣಿಸಬೇಡ್ರಿ, ಬಾಯಿ 8ಕ್ಕೆ ನಿಲ್ಲಲು ಹವಣಿಸುತ್ತದೆ. ಮಾಡುವಾಗ: ಡ್ರಮ್ ಆ್ಯಪಿನಲ್ಲಿ ಮಾತ್ರೆಗೆ 4 ಮನೆಯಂತೆ 10 ಮಾತ್ರೆಗೆ 40 ಮನೆ ಬೇಕು. ಅಷ್ಟು ಸಿಗದಿದ್ದರೆ 20 ಮನೆಯ ಪ್ಯಾಟರ್ನ್ ಮಾಡಿ ಎರಡು ಸಲ ಓಡಿಸ್ರಿ. 1, 5, 9, 13, 17ನೇ ಮನೆಗೆ ಕಿಕ್. ಪ್ಯಾಟರ್ನಿನ ಉದ್ದ 16 ಮನೆಗೇ ಬಿಗಿದಿದ್ದರೆ ಆ ಆ್ಯಪ್ ಈ ಕೆಲಸಕ್ಕೆ ಬರುವುದಿಲ್ಲ.

ಇಲ್ಲೇ ಒಂದು ಸಲೀಸು ಲೆಕ್ಕ, ಎಲ್ಲ ಕಡೆ ಉಪಯೋಗಕ್ಕೆ ಬರುವಂಥದ್ದು: 60000 ÷ ಲಯ = ಒಂದು ಮಾತ್ರೆಯ ಮಿಲಿಸೆಕೆಂಡು. 100ಕ್ಕೆ 600, 120ಕ್ಕೆ 500, 150ಕ್ಕೆ 400. ಅರ್ಧ ಬೇಕೋ, ಕಾಲು ಬೇಕೋ, ಅದನ್ನೇ ಭಾಗಿಸಿ. 120ರಲ್ಲಿ ಡಿಲೇ ಎಫೆಕ್ಟಿಗೆ 375 ಹಾಕಿದರೆ ಪ್ರತಿಧ್ವನಿ ಮುಕ್ಕಾಲು ಮಾತ್ರೆಗೆ ಬೀಳುತ್ತದೆ. ಅಂದಾಜಿಗೆ 400 ಹಾಕಿದರೆ ನಾಲ್ಕನೇ ಪ್ರತಿಧ್ವನಿಯ ಹೊತ್ತಿಗೆ 100 ಮಿಲಿಸೆಕೆಂಡು ಹಿಂದೆ. ಬ್ಲೂಟೂತ್ ಇಯರ್‌ಬಡ್ ಬೇಡ ಅಂದದ್ದೂ ಇದೇ ಲೆಕ್ಕದಿಂದ. ಅದರಲ್ಲಿ ಸದ್ದು 150ರಿಂದ 200 ಮಿಲಿಸೆಕೆಂಡು ತಡವಾಗಿ ಬರುವುದು ಮಾಮೂಲು. 120ರಲ್ಲಿ ಕಾಲು ಮಾತ್ರೆ ಅಂದರೆ 125. ನೀವು ಸಮ್‌ಗೆ ಬಾರಿಸಿದ್ದು ಕಿವಿಗೆ ಬೀಳುವುದು ಕಾಲು ಮಾತ್ರೆ ದಾಟಿದ ಮೇಲೆ.

ಪ್ರಾಫೆಟ್ 5 ಬಗ್ಗೆ ಎರಡು ಸಾಲು. 1978ರ ಯಂತ್ರ, ಒಮ್ಮೆಗೆ 5 ಸ್ವರ ಮಾತ್ರ. ಆರನೆಯದನ್ನು ಒತ್ತಿದರೆ ಮೊದಲಿನದೊಂದನ್ನು ಕಸಿದುಕೊಂಡು ಹೊಸದಕ್ಕೆ ಕೊಡುತ್ತದೆ. ಸಾಫ್ಟ್‌ವೇರ್ ಸಿಂಥಿನಲ್ಲಿ ಪಾಲಿಫೋನಿ (ಒಮ್ಮೆಗೆ ಎಷ್ಟು ಸ್ವರ) 5ಕ್ಕೆ ಇಳಿಸಿ, ರಿಲೀಸ್ (ಕೀಲಿ ಬಿಟ್ಟ ಮೇಲೆ ಉಳಿಯುವ ಸದ್ದು) ಉದ್ದ ಇಟ್ಟು ಕಾರ್ಡು ಬದಲಿಸಿದರೆ ಹಿಂದಿನ ಸ್ವರದ ಬಾಲ ಕತ್ತರಿಸುವುದು ಕೇಳುತ್ತದೆ. ಎರಡು ಆಸಿಲೇಟರುಗಳನ್ನು (ಅಲೆ ಹುಟ್ಟಿಸುವ ಭಾಗಗಳು) ಚೂರು ಬೇರೆ ಇಡ್ರಿ: 440 ಮತ್ತು 441 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಒಂದು ಅಲೆ ತೂಗುತ್ತದೆ. ತಂಬೂರಿಯ ಜೋಡಿ ತಂತಿ ಪೂರ್ತಿ ಕೂಡುವ ಮುಂಚೆ ತೂಗುವುದಿಲ್ಲವೇ, ಅದೇ. ಈ ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಯಾರ್ಕ್ ಹಾಡುತ್ತಿದ್ದಂತೆಯೇ ಜಾನಿ ಗ್ರೀನ್‌ವುಡ್ ಆ ದನಿಯನ್ನು ಕೊರ್ಗ್ ಕಾಸ್ ಪ್ಯಾಡ್ ಎಂಬ, ಬೆರಳಾಡಿಸುವ ಎಫೆಕ್ಟ್ ಯಂತ್ರದಲ್ಲಿ ಹಿಡಿದು, ಬೆರಳಿನಿಂದ ಹರಿದು ಚೂರು ಮಾಡುತ್ತಾರೆ.

ಉಂಗುರ ಮತ್ತು ತಿದಿ

‘ಕಿಡ್ ಎ’ಯದೇ ಇನ್ನೊಂದು ಹಾಡು ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯಲ್ಲಿ ಅಳುವಂತೆ ಜಾರುವ ದನಿಯೊಂದಿದೆ. ಅದು ಒಂಡ್ ಮಾರ್ತೆನೊ, ಫ್ರಾನ್ಸಿನ ಮೋರಿಸ್ ಮಾರ್ತೆನೊ 1928ರಲ್ಲಿ ಜನರ ಮುಂದಿಟ್ಟ ವಾದ್ಯ. ಎಲೆಕ್ಟ್ರಾನಿಕ್ ಅಂದ ಕೂಡಲೇ ಹೊಸದು ಅಂದುಕೊಳ್ಳುವವರು ಈ ಇಸವಿ ನೆನಪಿಡ್ರಿ. ಕಿವಿಗೆ ಕೇಳದಷ್ಟು ಎತ್ತರದ ಎರಡು ಕಂಪನಗಳನ್ನು ಕೂಡಿಸಿದಾಗ ಅವುಗಳ ವ್ಯತ್ಯಾಸ ಕೇಳಿಸುತ್ತದೆ. ಉದಾಹರಣೆಗೆ 80000 ಮತ್ತು 80440 ಆದರೆ 440.

ಬಲಗೈ ಬೆರಳಿಗೆ ಉಂಗುರ, ಉಂಗುರಕ್ಕೆ ತಂತಿ. ಉಂಗುರ ಜಾರಿದಂತೆ ಮೀಂಡ್. ಎಡಗೈಯಲ್ಲಿ ಒಂದು ಗುಂಡಿ, ಎಷ್ಟು ಒತ್ತಿದರೆ ಅಷ್ಟು ಜೋರು. ಹಾರ್ಮೋನಿಯಂ ನುಡಿಸುವವರಿಗೆ ಅರ್ಧ ಆಗಲೇ ಬಂದಂತೆ: ಎಡಗೈ ಗುಂಡಿ ನಮ್ಮ ತಿದಿ. ಬಾರದ್ದು ಮೀಂಡ್ ಒಂದೇ.

ಕೀಬೋರ್ಡಿನಲ್ಲಿ ಅನುಕರಿಸಲು: ಮೋನೋ ಮೋಡ್ (ಒಮ್ಮೆಗೆ ಒಂದೇ ಸ್ವರ), ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವ ಹೊತ್ತು) 80ರಿಂದ 120 ಮಿಲಿಸೆಕೆಂಡು, ಮಾಡ್ಯುಲೇಷನ್ ಚಕ್ರಕ್ಕೆ ವಾಲ್ಯೂಮ್ ಕಟ್ಟಿ. ಕೀಲಿ ಒತ್ತುವಾಗ ವಾಲ್ಯೂಮ್ ಸೊನ್ನೆ ಇರಲಿ, ಆಮೇಲೆ ಏರಿಸ್ರಿ. ಇಲ್ಲದಿದ್ದರೆ ಸ್ವರದ ಶುರುವಿನ ‘ಠಕ್’ ಕೇಳಿ ಗುಟ್ಟು ಬಯಲು. ಪಿಚ್ ಬೆಂಡ್ (ಸ್ವರ ಬಗ್ಗಿಸುವ ಚಕ್ರ) ಬಳಸುವವರು ರೇಂಜ್ ನೋಡ್ರಿ: ಸಾಮಾನ್ಯವಾಗಿ ಅದು 2 ಸೆಮಿಟೋನಿಗೆ ಇರುತ್ತದೆ. ಸಾದಿಂದ ಪಾಗೆ 7 ಬೇಕು. 12 ಇಟ್ಟುಬಿಡ್ರಿ.

1 ಮೆಗಾಬೈಟಿನ ಕಾರ್ಡು

‘ಕಿಡ್ ಎ’ಯ ‘ಇಡಿಯೊಟೆಕ್’ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ನಾಲ್ಕು ಕಾರ್ಡುಗಳು ಬ್ಯಾಂಡಿನವಲ್ಲ. ಅಮೆರಿಕದ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಐಬಿಎಂ 360/91 ಕಂಪ್ಯೂಟರಿನ ಮೇಲೆ ರಚಿಸಿದ ಕೃತಿಯ ತುಣುಕು ಅದು. ಆ ದೈತ್ಯ ಯಂತ್ರದ ಮೆಮೊರಿ ಸುಮಾರು 1 ಮೆಗಾಬೈಟು. ಜಾನ್ ಚೌನಿಂಗ್ ಕಂಡುಹಿಡಿದ ಎಫ್ಎಂ ವಿಧಾನ ಬಳಸಿದ್ದಾರೆ: ಒಂದು ಅಲೆಯಿಂದ ಇನ್ನೊಂದರ ಕಂಪನವನ್ನೇ ಅಲುಗಾಡಿಸುವುದು. ಎರಡರ ಅನುಪಾತ 1:1, 1:2 ಹೀಗೆ ಪೂರ್ಣಾಂಕ ಇದ್ದರೆ ಸ್ವರ, 1:1.4 ಇಟ್ಟರೆ ಗುಡಿಯ ಗಂಟೆ. ಸಿಂಥಿನಲ್ಲಿ ಈ ಅನುಪಾತದ ಗುಂಡಿ ತಿರುಗಿಸಿ ನೋಡದೆ ಅರ್ಥ ಆಗುವುದಿಲ್ಲ. ಲ್ಯಾನ್ಸ್ಕಿಯವರ ಒಪ್ಪಿಗೆ ಕೇಳಿಯೇ ಬಳಸಿದ್ದು. ಬೇರೆಯವರ ತುಣುಕು ಎತ್ತುವವರು ಇದನ್ನೂ ಬರೆದುಕೊಳ್ಳಿ.

ಉಲ್ಟಾ

‘ಆಮ್ನೀಸಿಯಾಕ್’ನ ‘ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್’ನಲ್ಲಿ ಬೇರೊಂದು ಹಾಡಿನ ರೆಕಾರ್ಡಿಂಗನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಯಾರ್ಕ್ ಸಾಲುಗಳನ್ನು ಉಲ್ಟಾ ಹಾಡಿ, ಅದನ್ನು ಮತ್ತೆ ಉಲ್ಟಾ ಮಾಡಿದ್ದರಿಂದ ಮಾತು ತಿಳಿಯುತ್ತದೆ, ಆದರೆ ಎಲ್ಲಿಯದೋ ಅನ್ನಿಸುತ್ತದೆ.

ಕನ್ನಡದಲ್ಲಿ ಮಾಡುವವರು ಅಕ್ಷರ ತಿರುಗಿಸುತ್ತಾರೆ, ಅಲ್ಲೇ ಕೆಡುತ್ತದೆ. ‘ಮರ’ದ ಉಲ್ಟಾ ‘ರಮ’ ಅಲ್ಲ. ಟೇಪಿಗೆ ಅಕ್ಷರ ಗೊತ್ತಿಲ್ಲ, ಸದ್ದು ಗೊತ್ತು: ಮ್, ಅ, ರ್, ಅ. ತಿರುಗಿಸಿದರೆ ಅ, ರ್, ಅ, ಮ್, ಅಂದರೆ ‘ಅರಮ್’. (ವಾಲ್ಮೀಕಿಯ ‘ಮರಾ ಮರಾ’ ರಾಮನಾದದ್ದು ಉಲ್ಟಾದಿಂದಲ್ಲ, ಲೂಪಿನಿಂದ.) ಕ, ತ, ಪ ಇರುವ ಪದ ಮೊದಲಿಗೆ ಬೇಡ, ಅವುಗಳ ಸ್ಫೋಟ ಉಲ್ಟಾ ಆದಾಗ ಬಾಯಿಂದ ಬರುವಂಥದ್ದೇ ಅಲ್ಲ. ಮ, ನ, ಲ, ರ ಇರುವ ನಾಲ್ಕು ಪದ ಆರಿಸಿ. ಸಾಲನ್ನು ರೆಕಾರ್ಡ್ ಮಾಡಿ, ರಿವರ್ಸ್ ಹಚ್ಚಿ, 2 ಸೆಕೆಂಡಿನ ತುಂಡು ಮಾಡಿ, ಕೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡು ಹಾಡ್ರಿ. ಹಾಡಿದ್ದಕ್ಕೆ ಮತ್ತೆ ರಿವರ್ಸ್. ಉಸಿರು ಎಳೆದ ಸದ್ದು ಈಗ ಸಾಲಿನ ಕೊನೆಗೆ ಬಂದಿರುತ್ತದೆ. ಅದನ್ನು ಅಳಿಸಬೇಡ್ರಿ, ಮಜಾ ಇರುವುದೇ ಅದರಲ್ಲಿ.