ಆದರೂ ಉತ್ತರ, ಆಗದಿದ್ದರೂ ಉತ್ತರ: ಇದೆಂಥ ಲೆಕ್ಕ?

ಪ್ರಶ್ನೆ: ಧಾರವಾಡದ ನಮ್ಮ ಓಣಿಯಲ್ಲಿ ಇಬ್ಬರು ಯುವ ಮಿಷನರಿಗಳು ಬಾಡಿಗೆಗೆ ಇದ್ದಾರೆ. ಒಳ್ಳೆಯ ಹುಡುಗರು. ಆದರೆ ಬಸ್ಸು ಸಿಕ್ಕರೆ ಪ್ರಾರ್ಥನೆಗೆ ಉತ್ತರ ಬಂತು ಎನ್ನುತ್ತಾರೆ, ತಪ್ಪಿದರೆ ಅದೂ ದೇವರ ಚಿತ್ತ ಎನ್ನುತ್ತಾರೆ. ಹೇಗಾದರೂ ಸರಿಯೇ ಆಗಿಬಿಡುವ ಇಂಥ ಮಾತಿಗೆ ಏನಾದರೂ ಅರ್ಥವಿದೆಯೇ?

ಉತ್ತರ: ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗಾಗಿ ಪ್ರಾರ್ಥಿಸಬೇಕಾಗಿಲ್ಲ, ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂದು ನಕ್ಕು ಬಿಡಬಹುದಿತ್ತು. ಆದರೆ ನಿಮ್ಮ ಆಕ್ಷೇಪದಲ್ಲಿ ತಿರುಳಿದೆ. ಯಾವ ಫಲಿತಾಂಶದಿಂದಲೂ ಸುಳ್ಳಾಗದ ಮಾತು ಭವಿಷ್ಯ ನುಡಿಯುವ ಮಾತಾಗಿ ಯಾವ ಪ್ರಯೋಜನಕ್ಕೂ ಬಾರದು. ಆ ಹುಡುಗರು ಅದನ್ನು ಭವಿಷ್ಯವೆಂದು ಹೇಳುತ್ತಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು.

ಕೆಲಸವಾದರೆ ಎಲ್ಲಮ್ಮನ ಗುಡ್ಡಕ್ಕೆ ಬರುತ್ತೇನೆ ಎಂದು ಹರಕೆ ಹೊರುವವರಿಗೆ ಷರತ್ತು ಸ್ಪಷ್ಟವಾಗಿರುತ್ತದೆ: ಕೆಲಸವಾಯಿತು, ಹರಕೆ ತೀರಿಸಬೇಕು. ಕ್ರೈಸ್ತ ಪ್ರಾರ್ಥನೆ, ಕನಿಷ್ಠ ಬೋಧನೆಯ ಮಟ್ಟದಲ್ಲಿ, ಇಂಥ ಕರಾರಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಈ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿಕೊಂಡನು, ಅದು ತೊಲಗಲಿಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನೆಟ್ಟ ಶೂಲವೆಂದು ಕರೆದ ಬಾಧೆ ಹೋಗಲಿ ಎಂದು ಮೂರು ಸಲ ಕೇಳಿಕೊಂಡಾಗ ಬಂದ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬುದಾಗಿತ್ತು, ಶೂಲವೇನೂ ಹೋಗಲಿಲ್ಲ. ಆದ್ದರಿಂದ ಕೇಳಿದ್ದು ಸಿಗದಿರುವುದು ಈ ಹುಡುಗರಿಗೆ ನುಣುಚಿಕೊಳ್ಳಲು ಹೂಡಿದ ಹೊಸ ನೆಪವಲ್ಲ. ಅದು ಅವರು ಓದಿ ಬಂದ ಗ್ರಂಥದಲ್ಲಿಯೇ ಇದೆ.

ಹಾಗಿದ್ದರೂ ಇಷ್ಟು ಸಣ್ಣ ವಿಷಯಗಳಿಗೆ ಪ್ರಾರ್ಥನೆ ಏಕೆ? ಕಾರಣ ಅವರ ದಿನಚರಿಯಲ್ಲಿದೆ. ಯಾವ ಊರಿಗೆ ಹೋಗಬೇಕು, ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು ಎಂಬುದನ್ನು ಬಹುಮಟ್ಟಿಗೆ ಸಂಸ್ಥೆಯೇ ನಿರ್ಧರಿಸುತ್ತದೆ; ತಿಂಗಳ ಖರ್ಚು ಎಲ್ಲೋ ದೂರದ ಕ್ರೈಸ್ತ ಸಭೆಯವರ ಕಾಣಿಕೆಯಿಂದ ಬರಬೇಕು; ನುಡಿ ಹೊಸದು, ಊಟ ಹೊಸದು. ತನ್ನ ಕೈಯಲ್ಲಿ ಇಷ್ಟು ಕಡಿಮೆ ಇರುವವನಿಗೆ ಬಾಡಿಗೆ, ಜ್ವರ, ಬಸ್ಸು ಯಾವುದೂ ಸಣ್ಣದಾಗಿರುವುದಿಲ್ಲ. ತಮಿಳುನಾಡಿನಿಂದ ಬಂದು ಗದಗಿನ ಪಕ್ಕದ ಬೆಟಗೇರಿಯಲ್ಲಿದ್ದ ಒಬ್ಬ ತರುಣ ತನ್ನ ಪ್ರಾರ್ಥನೆಯ ನೋಟುಪುಸ್ತಕವನ್ನು ನನಗೆ ತೋರಿಸಿದ್ದ. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ವಿಜ್ಞಾಪನೆ, ಬಲಕ್ಕೆ ಉತ್ತರ ಬಂದ ತಾರೀಕು. ‘ಕನ್ನಡ ಬಾಯಿಗೆ ಬರಲಿ’ ಎಂಬುದರ ಎದುರು ತಾರೀಕಿನ ಬದಲು ‘ಅಜ್ಜಿ’ ಎಂದಷ್ಟೇ ಬರೆದಿದ್ದ. ಮನೆಯೊಡತಿಯಾದ ಆ ಅಜ್ಜಿ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ‘ಹಂಗಲ್ಲೋ ತಮ್ಮಾ, ಇನ್ನೊಮ್ಮೆ ಹೇಳು’ ಎಂದು ಅವನ ಮಾತನ್ನು ತಿದ್ದುತ್ತಿದ್ದರು. ತಿಂಗಳ ಕೊನೆಗೆ ಕೈ ಬರಿದಾದಾಗ ಎರಡು ರೊಟ್ಟಿ, ಒಂದಿಷ್ಟು ಎಣ್ಣಿಗಾಯಿ ಪಲ್ಯ ಅವನ ತಾಟಿಗೂ ಬೀಳುತ್ತಿತ್ತು. ಶ್ರೇಯಸ್ಸು ಅಜ್ಜಿಗೆ ಸಲ್ಲಬೇಕೋ ದೇವರಿಗೋ ಎಂದು ನೀವು ಕೇಳಬಹುದು. ಅವನ ಉತ್ತರ ಇಬ್ಬರಿಗೂ ಎಂದೇ. ಅಜ್ಜಿಯ ಹೆಸರನ್ನೇ ಮರೆತು ದೇವರನ್ನು ಮಾತ್ರ ಹೊಗಳುವ ಸಾಕ್ಷಿಗಳನ್ನೂ, ಅಂದರೆ ಭಕ್ತರು ಹೇಳಿಕೊಳ್ಳುವ ಅನುಭವದ ಮಾತುಗಳನ್ನೂ, ನಾನು ಕೇಳಿದ್ದೇನೆ. ಅವು ನನಗೆ ಹಿಡಿಸುವುದಿಲ್ಲ.

ಹಣವನ್ನು ಮನುಷ್ಯರಲ್ಲಿ ಕೇಳದೆ ದೇವರಲ್ಲಿ ಮಾತ್ರ ಕೇಳಿ, ಕೇಳಿದ್ದನ್ನೂ ಬಂದದ್ದನ್ನೂ ಬರೆದಿಡುವ ಪದ್ಧತಿಗೆ ಹೆಸರಾದವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮ್ಯೂಲರ್. ಅದೇ ದಾರಿ ಹಿಡಿದ ಹಡ್ಸನ್ ಟೇಲರ್ ಚೀನಾಕ್ಕೆ ಹೊರಡುವ ಮೊದಲು ಹಲ್ ಎಂಬ ಊರಿನಲ್ಲಿ ವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದಾಗ, ಅವರು ಸಂಬಳ ಕೊಡಲು ಮರೆತರೂ ನೆನಪಿಸದೆ ಪ್ರಾರ್ಥನೆಯಲ್ಲಿಯೇ ಉಳಿದರಂತೆ. ಕೈಯಲ್ಲಿದ್ದ ಎರಡೂವರೆ ಶಿಲ್ಲಿಂಗಿನ ಒಂದೇ ನಾಣ್ಯವನ್ನು ಬಡ ಕುಟುಂಬವೊಂದಕ್ಕೆ ಕೊಟ್ಟ ಮರುದಿನ ಅಂಚೆಯಲ್ಲಿ 10 ಶಿಲ್ಲಿಂಗು ಬಂತೆಂದು ಅವರೇ ಬರೆದುಕೊಂಡಿದ್ದಾರೆ. ಟೇಲರ್ ಹುಟ್ಟಿದ್ದು 1832ರಲ್ಲಿ, ಹಡಗು ಹತ್ತಿದ್ದು 1853ರಲ್ಲಿ. ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟೆಲ್ ಅವರದೂ ಅವೇ ಎರಡು ಇಸವಿಗಳು. ಆದರೆ ಕಿಟೆಲ್ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಟ್ಟುನಿಟ್ಟಾದ ಸಮಿತಿಯ ಕೈಕೆಳಗೆ. ಅಲ್ಲಿ ಖರ್ಚುವೆಚ್ಚವನ್ನು ಸಮಿತಿ ನೋಡಿಕೊಳ್ಳುತ್ತಿತ್ತು, ಮದುವೆಗೂ ಅದರ ಅಪ್ಪಣೆ ಬೇಕಿತ್ತು. ಒಂದೇ ವಯಸ್ಸಿನ ಇಬ್ಬರು ತರುಣರು, ಎರಡು ಬೇರೆ ವ್ಯವಸ್ಥೆಗಳು. ಪವಾಡದಂಥ ಉತ್ತರಗಳ ಕಥೆ ಟೇಲರ್ ದಾರಿಯಲ್ಲಿ ಹೆಚ್ಚು ಹುಟ್ಟಲು ಅಲ್ಲಿ ತಿಂಗಳ ಸಂಬಳದ ಖಾತರಿ ಇಲ್ಲದಿದ್ದದ್ದೂ ಒಂದು ಕಾರಣವೆಂದು ನನ್ನ ಎಣಿಕೆ.

ಕಥೆಗಳ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಮಿಷನರಿಗಳ ಕಾಗದಗಳನ್ನು ಓದುತ್ತಿದ್ದವರು ಅವರಿಗೆ ಹಣ ಕೊಡುತ್ತಿದ್ದವರೇ. ಬಾಸೆಲ್ ಮಿಷನ್ 1828ರಿಂದಲೇ ತನ್ನ ಪತ್ರಿಕೆಯಲ್ಲಿ ಹೊರನಾಡಿನ ವರದಿಗಳನ್ನು ಅಚ್ಚು ಹಾಕುತ್ತಿತ್ತು. ವಾರಕ್ಕೊಂದು ಸಣ್ಣ ನಾಣ್ಯ ಎತ್ತಿಡುವ ಭಕ್ತರಿಗೆ ಸಿಹಿಸುದ್ದಿ ಬೇಕಾಗಿರುತ್ತದೆ, ಬರೆಯುವವನಿಗೂ ಅದು ಗೊತ್ತಿರುತ್ತದೆ. ಇಂದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಸಾಕ್ಷಿಗಳಿಗೂ ಇದೇ ಒತ್ತಡವಿದೆ. ಉತ್ತರ ಬಾರದ ಪ್ರಾರ್ಥನೆಗಳನ್ನು ಮರೆಮಾಡಲು ಯಾರೂ ಸುಳ್ಳು ಹೇಳಬೇಕಾಗಿಲ್ಲ. ಅವನ್ನು ಯಾರೂ ಬರೆಯುವುದಿಲ್ಲ, ಅಷ್ಟೇ.

ಬರೆದಿಟ್ಟ ಒಂದು ಸೋಲು ಗದಗಿನ ಪಕ್ಕದಲ್ಲಿಯೇ ಇದೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿದ ಹೊಸತರಲ್ಲಿ, ಕಾಲಜ್ಞಾನಿಗಳೆಂಬ ಪಂಥದವರು ಅವರನ್ನು ಕಂಡು, ತಮ್ಮ ಜನ ಗುಂಪುಗುಂಪಾಗಿ ಸಭೆಗೆ ಸೇರಬಹುದೆಂಬ ಆಸೆ ಹುಟ್ಟಿಸಿದರು. ಮನೆಮಠ ಬಿಟ್ಟು ಬಂದ ತರುಣರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇರೆ ಏನಿದ್ದೀತು? ಬರಲಿರುವವರಿಗೆ ಹೊಲವಿರಲಿ ಎಂದು 1841ರಲ್ಲಿ ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೇ ತೆರೆದರು. ನಿರೀಕ್ಷಿಸಿದ ಜನಸಮೂಹ ಬರಲೇ ಇಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಒರೆಗಲ್ಲು ಇಂಥ ಹೊತ್ತಿನಲ್ಲಿ ಸಿಗುತ್ತದೆ. ಉತ್ತರ ಸಿಕ್ಕಿತೆಂದು ಗುರುತಿಸಿದ್ದು ತಪ್ಪಾಗಿತ್ತೆಂದು ಒಪ್ಪಿಕೊಳ್ಳಲು ಜಾಗವಿದ್ದರೆ ಆ ನಂಬಿಕೆಗೆ ಒಂದು ಶಿಸ್ತಿದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಕೇಂದ್ರಗಳು ಆ ನಿರಾಸೆಯ ನಂತರವೂ ಮುಚ್ಚಲಿಲ್ಲ. ಶಾಲೆ ನಡೆಸುವುದು, ಕನ್ನಡ ಕಲಿಯುವುದು, ಸಣ್ಣ ಸಭೆಗಳನ್ನು ನೋಡಿಕೊಳ್ಳುವುದು ಮುಂದುವರಿಯಿತು. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಅಂಥ ದುಡಿಮೆಯ ಕೊನೆಗೆ.

ವಿಜ್ಞಾನದಿಂದ ತೀರ್ಮಾನಿಸಬಹುದೇ ಎಂದರೆ, ಯತ್ನಿಸಿದವರಿದ್ದಾರೆ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪರಿಚಯವಿಲ್ಲದವರು ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಅವು ತುಸು ಹೆಚ್ಚೇ ಕಂಡವು. ಪ್ರಾರ್ಥನೆ ಔಷಧದಂತೆ ಅಳತೆಗೆ ಸಿಗುವ ಪರಿಣಾಮ ಬೀರುತ್ತದೆ ಎನ್ನುವವರು ಈ ಫಲಿತಾಂಶಕ್ಕೆ ಉತ್ತರ ಕೊಡಬೇಕಾಗುತ್ತದೆ. ಪೌಲನ ಶೂಲದ ಮಾತನ್ನು ನಂಬುವವರಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ.

ಆದ್ದರಿಂದ ನಿಮ್ಮ ಓಣಿಯ ಹುಡುಗರನ್ನು ಬಸ್ಸಿನ ವಿಷಯದಲ್ಲಿ ಅವರ ಪಾಡಿಗೆ ಬಿಡಿ. ಮನಸ್ಸಿದ್ದರೆ, ಇನ್ನೂ ತಾರೀಕು ಬೀಳದ ವಿಜ್ಞಾಪನೆ ಯಾವುದೆಂದು ಕೇಳಿ. ತಡವರಿಸದೆ ಒಂದೆರಡನ್ನಾದರೂ ಹೇಳಿದರೆ ಅವರು ತಮ್ಮ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟಿದ್ದಾರೆಂದು ತಿಳಿಯಬಹುದು. ನಾನು ಗೆರೆ ಎಳೆಯುವುದು ಒಂದೇ ಕಡೆ. ಪ್ರಾರ್ಥನೆಯಾಯಿತು, ಇನ್ನು ಬಿಪಿ, ಸಕ್ಕರೆಯ ಗುಳಿಗೆ ಬಿಡಬಹುದು ಎಂದು ಯಾರಾದರೂ ರೋಗಿಗೆ ಹೇಳಿದರೆ, ಅದನ್ನು ನಂಬಿಕೆಯೆಂದು ಸಹಿಸಿಕೊಳ್ಳದೆ ತಕ್ಷಣ ವೈದ್ಯರಿಗೂ ಅವರ ಹಿರಿಯ ಸಭಾಪಾಲಕರಿಗೂ ತಿಳಿಸಿ. ಬೆಟಗೇರಿಯಲ್ಲಿ ಜನ ಜರ್ಮನ್ ದವಾಖಾನಿ ಎಂದು ಕರೆಯುವ ಆಸ್ಪತ್ರೆಯನ್ನು ಕಟ್ಟಿದವರೂ ಮಿಷನರಿಗಳೇ, ಮತ್ತು ಅಲ್ಲಿ ಪ್ರಾರ್ಥನೆಯ ಜೊತೆಗೆ ಔಷಧವನ್ನೂ ಕೊಡುತ್ತಿದ್ದರು.