80 ಸಾವಿರದ ರಿಪೇರಿ, 1.4 ಲಕ್ಷದ ಕಾರು: ಮಾಡಿಸೋದಾ, ಮಾರೋದಾ?

ಪ್ರಶ್ನೆ: ಸರ್, ನನ್ನದು 2012ರ ಸ್ವಿಫ್ಟ್ ಡೀಸೆಲ್. 1.6 ಲಕ್ಷ ಕಿಲೋಮೀಟರ್ ಓಡಿದೆ. ಕ್ಲಚ್, ಸಸ್ಪೆನ್ಷನ್, ಎಸಿ ಕಂಪ್ರೆಸರ್ ಸೇರಿ 80 ಸಾವಿರ ಎಸ್ಟಿಮೇಟ್ ಕೊಟ್ಟಿದ್ದಾರೆ. ಇದ್ದ ಹಾಗೇ ಮಾರಿದರೆ 1.4 ಲಕ್ಷ ಬರುತ್ತದಂತೆ. ಗಾಡಿ ಬೆಲೆಯ ಅರ್ಧಕ್ಕಿಂತ ಜಾಸ್ತಿ ಖರ್ಚು ಬಂದರೆ ಮಾರಿಬಿಡಬೇಕು ಅಂತಾರೆ, ಹೌದಾ? (ಕುಂದಾಪುರದ ಓದುಗರು)

ಊರು ಬೇರೆ, ಗಾಡಿ ಬೇರೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆ ‘ಅರ್ಧ ಬೆಲೆ’ಯ ಸೂತ್ರವನ್ನು ದಯವಿಟ್ಟು ಇವತ್ತಿಗೆ ಬಿಟ್ಟುಬಿಡಿ.

ಇದು ಬಹುಶಃ ಇನ್ಶೂರೆನ್ಸ್‌ನಿಂದ ಬಂದದ್ದು. ಅಪಘಾತವಾದ ಗಾಡಿಯ ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಶೇ 75 ದಾಟಿದರೆ ಕಂಪನಿಯವರು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ ಹಾಕುತ್ತಾರೆ. ಅದು ಅವರು ಪರಿಹಾರ ಕೊಡುವ ಲೆಕ್ಕ. ಸವೆದ ಕ್ಲಚ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಐದನೇ ವರ್ಷಕ್ಕೇ ಐಡಿವಿ ಲೆಕ್ಕದಲ್ಲಿ ಗಾಡಿಯ ಅರ್ಧ ಬೆಲೆ ಹೋಗಿರುತ್ತದೆ. ಹಾಗಂತ ಅರ್ಧ ಇಂಜಿನ್ ಹೋಗಿರುತ್ತದಾ?

ಮಾರ್ಕೆಟ್ ಬೆಲೆ ಅಂದರೆ ಕೊಳ್ಳುವವರು ಎಷ್ಟು ಕೊಡುತ್ತಾರೆ ಅಷ್ಟೇ. ಗಾಡಿ ನಿಮಗೆ ಇನ್ನೆಷ್ಟು ವರ್ಷ ಓಡುತ್ತದೆ ಅಂತ ಅದು ಹೇಳುವುದಿಲ್ಲ. ರಿಪೇರಿ ಖರ್ಚನ್ನು ಗಾಡಿಯ ಬೆಲೆಗೆ ಹೋಲಿಸಬೇಡಿ. ಬೇರೆ ಗಾಡಿ ತರಲು ಕೈಯಿಂದ ಎಷ್ಟು ಹೋಗುತ್ತದೆ, ಅದಕ್ಕೆ ಹೋಲಿಸಿ. ಇದನ್ನು 1.4 ಲಕ್ಷಕ್ಕೆ ಕೊಟ್ಟು 4.5 ಲಕ್ಷದ ಸೆಕೆಂಡ್ ಹ್ಯಾಂಡ್ ತಂದರೆ 3.1 ಲಕ್ಷ ಹೋಯಿತು. ಅದರ ಟೈರು, ಬ್ಯಾಟರಿ, ಹೆಸರು ಬದಲಾವಣೆ ಬೇರೆ. ಹಿಂದಿನವರು ಅದನ್ನು ಯಾಕೆ ಮಾರಿದರು ಅಂತಲೂ ಗೊತ್ತಿರುವುದಿಲ್ಲ. ಹೊಸದಕ್ಕೆ 8 ಲಕ್ಷ ಸಾಲ ಮಾಡಿದರೆ ಶೇ 9ರ ಬಡ್ಡಿಯಲ್ಲಿ 5 ವರ್ಷ ತಿಂಗಳಿಗೆ ಸುಮಾರು 16,600 ಕಂತು. ನಿಮ್ಮ 80 ಸಾವಿರದ ರಿಪೇರಿ 3 ವರ್ಷ ಬಾಳಿದರೂ ತಿಂಗಳಿಗೆ 2,222 ರೂಪಾಯಿ. ಆಮೇಲೂ ಸಣ್ಣಪುಟ್ಟ ಖರ್ಚು ಬರುತ್ತದೆ, ಒಪ್ಪುತ್ತೇನೆ. ತಿಂಗಳಿಗೆ ಇನ್ನೆರಡು ಸಾವಿರ ಸೇರಿಸಿ ನೋಡಿ. ಆಗಲೂ ಕಂತಿನ ಹತ್ತಿರಕ್ಕೂ ಬರುವುದಿಲ್ಲ.

ಬಿಡಿಭಾಗದ ಚಿಂತೆಯೂ ಬೇಡ. ಫಿಯಟ್ ಮೂಲದ ಈ 1.3 ಡೀಸೆಲ್ ಇಂಜಿನ್ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾದಲ್ಲೂ ಇತ್ತು. ಇದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸುಲಭವಾಗಿ ಸಿಗುತ್ತಾರೆ. 15 ವರ್ಷಕ್ಕೆ ಗಾಡಿ ಗುಜರಿಗೆ ಅನ್ನುವ ಮಾತು ಬಹುಶಃ ದೆಹಲಿ ಸುತ್ತಮುತ್ತಲಿನ ನಿಯಮದಿಂದ ಬಂದದ್ದು. ನಮ್ಮಲ್ಲಿ ಗಾಡಿ ಸರಿ ಇದ್ದರೆ ಆರ್‌ಸಿ 5 ವರ್ಷಕ್ಕೆ ನವೀಕರಣ ಆಗುತ್ತದೆ.

ಆದರೆ ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ರ‍್ಯಾಂಪ್ ಮೇಲೆ ಏರಿಸಿ ತುಕ್ಕು ನೋಡಿಸಿ. ಕ್ಲಚ್ ಬದಲಿಸಬಹುದು, ಇಂಜಿನ್ ಕೂಡ ಇಳಿಸಿ ಮಾಡಿಸಬಹುದು. ಗಾಡಿಯ ಚೌಕಟ್ಟು, ಅಂದರೆ ಚಾಸಿಯೇ ತುಕ್ಕಿಗೆ ತಿಂದುಹೋದರೆ ಮುಗಿಯಿತು. ಬಾಗಿಲ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಮ್ಯಾಟ್ ಅಡಿಯ ತಗಡು, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಸದ್ದು ಮಂಕಾಗಿದ್ದರೆ, ಪುಡಿ ಉದುರಿದರೆ, ಮೇಲೆ ಪುಟ್ಟಿ ಮೆತ್ತಿದ್ದು ಕಂಡರೆ 80 ಸಾವಿರ ಹಾಕಬೇಡಿ. ಇಂಜಿನ್ ಸ್ಟಾರ್ಟ್‌ನಲ್ಲಿದ್ದಾಗ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ಒತ್ತಡದಿಂದ ಬುಸುಬುಸು ಬಂದರೆ ಇಂಜಿನ್ ಕೆಲಸವೂ ಹತ್ತಿರದಲ್ಲಿದೆ. ಆಗ ಲೆಕ್ಕ ಮೊದಲಿಂದ ಹಾಕಿ. ಇವೆರಡೂ ಸರಿ ಇದ್ದರೆ ಧೈರ್ಯವಾಗಿ ಮಾಡಿಸಿ. ಮೊದಲು ಸಸ್ಪೆನ್ಷನ್ ಮತ್ತು ಕ್ಲಚ್. ಎಸಿಗೆ ಆತುರವಿಲ್ಲ, ಸೆಕೆ ಶುರುವಾಗುವ ಮೊದಲು ಆದರೆ ಸಾಕು.

ತುಕ್ಕಿನ ಮಾತು ಬಂತು, ನೀವು ಕೇಳದಿದ್ದರೂ ಇದನ್ನು ಹೇಳಿಯೇ ಬಿಡುತ್ತೇನೆ. ನೀವು ಕುಂದಾಪುರದವರು, ಮರವಂತೆಯಲ್ಲಿ ಹೆದ್ದಾರಿ ಪಕ್ಕದಲ್ಲೇ ಸಮುದ್ರ. ಆ ಉಪ್ಪುಗಾಳಿ ಗಾಡಿಯ ಅಡಿಗೆ ಅಂಟುತ್ತದೆ. ಹೆಚ್ಚಿನವರು ಮೇಲೆ ಪಾಲಿಶ್ ಮಾಡಿಸುತ್ತಾರೆ, ಅಡಿಗೆ ಒಂದು ಕೊಡ ನೀರೂ ಹಾಕುವುದಿಲ್ಲ! ಹದಿನೈದು ದಿನಕ್ಕೊಮ್ಮೆ ಅಡಿಭಾಗವನ್ನು, ಚಕ್ರದ ಒಳಗಿನ ಗೂಡನ್ನು ಸಿಹಿನೀರಿನಲ್ಲಿ ತೊಳೆಸಿ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಕೆಸರು ತುಂಬಿದ್ದರೆ ತಂತಿಯಿಂದ ಬಿಡಿಸಿ. ತುಕ್ಕಿನ ಮೇಲೇ ಆಂಟಿ ರಸ್ಟ್ ಕೋಟಿಂಗ್ ಬಳಿಸಬೇಡಿ. ತೇವ ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತದೆ. ಮೊದಲು ಕೆರೆಸಿ, ಒಣಗಿಸಿ, ಪ್ರೈಮರ್ ಹೊಡೆಸಿ. ಮಳೆಗಾಲದಲ್ಲಿ ಒದ್ದೆ ಗಾಡಿಗೆ ಪ್ಲಾಸ್ಟಿಕ್ ಕವರ್ ಮುಚ್ಚುವುದನ್ನು ಈ ವರ್ಷವೇ ನಿಲ್ಲಿಸಿ.